ಪಂಚಾಕ್ಷರಪ್ಪನ ಎರಡು ಸೀಟಿನ ಕಾರು

ಯಗಟಿಯಲ್ಲಿ ಬಸ್ಸಿಳಿದು ನಮ್ಮ ಭಾವ ಪಂಚಾಕ್ಷರಪ್ಪನ ಮನೆಗೆ ದಾರಿ ಕೇಳಿದರೆ ಜನ ಮೊದಲು ನಗುತ್ತಿದ್ದರು. "ಕಾರ್ ಪಂಚಾಕ್ಷರಪ್ಪನಾ? ಕಾರು ಓಡಿದ್ರೆ ಮನೇಲವ್ನೆ, ಇಲ್ದಿದ್ರೆ ದಾರೀಲಿ ನಿಂತವ್ನೆ" ಎಂದು ಹೇಳಿ, ಆಮೇಲೆ ಕೈ ತೋರಿಸುತ್ತಿದ್ದರು. ಭಾವನನ್ನು ರೇಗಿಸುವ ಹಕ್ಕು ಭಾವಮೈದನಾದ ನನ್ನದು. ಅದನ್ನು ಊರವರು ಕಿತ್ತುಕೊಂಡಿದ್ದು ನನಗೆ ಒಂಚೂರೂ ಸರಿ ಬರುತ್ತಿರಲಿಲ್ಲ.

ಅಷ್ಟಕ್ಕೂ ಭಾವ ಶೋಕಿಯ ಮನುಷ್ಯನಲ್ಲ. ಇದ್ದದ್ದು ಒಂದು ತೆಂಗಿನ ತೋಟ, ಅದರಾಚೆಗೆ ರಾಗಿ ಬೆಳೆಯುವ ಬೆದ್ದಲು. ಹಣೆಗೆ ವಿಭೂತಿ ಹಚ್ಚಿ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತೋಟಕ್ಕಿಳಿದರೆ ಮನೆಗೆ ಬರುವುದು ಸಂಜೆಗೇ. ಬೇಸಿಗೆಯಲ್ಲಿ ಸುತ್ತಲ ಕುರಿಮಂದೆಗಳ ಗೊಬ್ಬರ ಕೂಡಿಸಿ, ಲಾರಿಯಲ್ಲಿ ತುಂಬಿಸಿಕೊಂಡು, ತರೀಕೆರೆ ದಾಟಿ ಹೆಬ್ಬೆ ಕಡೆಯ ಕಾಫಿ ಎಸ್ಟೇಟುಗಳಿಗೆ ಹಾಕಿ ಬರುತ್ತಿದ್ದ. ತನಗೆಂದು ಒಂದು ಕೈಗಡಿಯಾರ ಕೊಂಡವನಲ್ಲ. ಅಂಥವನು ಇದ್ದಕ್ಕಿದ್ದ ಹಾಗೆ ನೆಲಕ್ಕೆ ಅಂಟಿಕೊಂಡಂಥ, ತಲೆಯ ಮೇಲೆ ತಗಡಿನ ಬದಲು ಬಟ್ಟೆ ಹೊದ್ದ, ಕೆಂಪು ರೇಸ್ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದರೆ ಊರು ಸುಮ್ಮನಿರುತ್ತದೆಯೇ?

ಕಾರಿನ ಕಥೆ ಶುರುವಾಗಿದ್ದು ಮಾತ್ರ ಯಗಟಿಯಲ್ಲಲ್ಲ, ನಮ್ಮೂರು ಬುಕ್ಕಾಂಬುಧಿಯಲ್ಲಿ. ಎಪ್ಪತ್ತೈದರ ಮಳೆಗಾಲದಲ್ಲಿ ನನ್ನ ಅಕ್ಕ ತೀರ್ಥಮ್ಮ ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ತವರಿಗೆ ಬಂದಿದ್ದಳು. ಅವಳಿಗೆ ನೋವು ಶುರುವಾದ ದಿನ ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರಿಯುತ್ತಿತ್ತು. ಬಸ್ಸು ಆಚೆ ದಡದಲ್ಲೇ ನಿಂತುಬಿಟ್ಟಿತು. ಎತ್ತಿನ ಗಾಡಿಯಲ್ಲಿ ಸುತ್ತು ದಾರಿ ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. "ಇನ್ನೊಂಚೂರು ಮುಂಚೆ ತಂದಿದ್ರೆ" ಎಂದರು ಡಾಕ್ಟರು. ಬೈಯಲಿಲ್ಲ, ಮೆಲ್ಲಗೇ ಹೇಳಿದರು. ಆ ಮಾತು ಭಾವನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಕೊಂಡಿತು. ನಮ್ಮ ಮನೆಯವರನ್ನು ಒಂದು ಮಾತೂ ಅನ್ನದೆ, "ಇನ್ಮುಂದೆ ಬಾಣಂತನ ನಮ್ಮೂರಲ್ಲೇ ಆಗ್ಲಿ" ಎಂದಷ್ಟೇ ಹೇಳಿ ಅಕ್ಕನನ್ನು ಕರೆದುಕೊಂಡು ಹೋದ.

ಮರುವರ್ಷ ಹೆಬ್ಬೆ ಕಡೆಯ ಒಬ್ಬ ಬಿಳಿ ಪ್ಲಾಂಟರು ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೊರಟ. ಅವನ ಶೆಡ್ಡಿನಲ್ಲಿದ್ದ ಈ ಕಾರನ್ನು ಭಾವ ಕೊಂಡುಕೊಂಡ. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ನಾನು ನೋಡಲು ಹೋದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎರಡೇ ಸೀಟು ಐತಲ್ಲ ಭಾವ, ನಿಮ್ಮವ್ವನ್ನ ಡಿಕ್ಕೀಲಿ ಕೂರಿಸ್ತೀಯಾ?" ಎಂದು ಕೆಣಕಿದೆ.

"ಎರಡು ಸಾಕು ಕಣೋ. ಒಂದು ನಂಗೆ, ಒಂದು ನಿಮ್ಮಕ್ಕಂಗೆ" ಎಂದ ಭಾವ. "ಆ ದೊರೆ ಘಾಟಿ ಇಳಿಯೋದು ನೋಡಿದೀನಿ. ಕಣ್ ಮುಚ್ಚಿ ಬಿಡೋದ್ರಾಗೆ ತರೀಕೇರೇಲಿರ್ತಿತ್ತು. ಬೇಗ ಹೋಗೋ ಗಾಡಿ ಬೇಕಾಗಿತ್ತು, ಅಷ್ಟೆ."

ನನ್ನ ನಗು ಅಲ್ಲೇ ಸತ್ತಿತು. ಊರವರು ಶೋಕಿ ಎಂದುಕೊಂಡಿದ್ದೆಲ್ಲ ಭಯ ಎಂದು ನನಗೆ ಆಗಲೇ ತಿಳಿಯಿತು.

ಬೇಕಾದ ದಿನ ಓಡಬೇಕೆಂದರೆ ಗಾಡಿಯನ್ನು ದಿನಾ ಓಡಿಸುತ್ತಿರಬೇಕು ಎಂಬುದು ಭಾವನ ಲೆಕ್ಕ. ಹಾಗಾಗಿ ಕಡೂರಿನ ಸಂತೆಗೂ ಅದೇ, ಕೊಬ್ಬರಿ ಹಾಕಲಿಕ್ಕೂ ಅದೇ, ಹೊಲಕ್ಕೆ ಬುತ್ತಿ ಒಯ್ಯಲಿಕ್ಕೂ ಅದೇ. ನಮ್ಮ ಕಡೆಯ ರಸ್ತೆ ಅದರ ಮೈಗೆ ಹೇಳಿ ಮಾಡಿಸಿದ್ದಲ್ಲ. ಸುಗ್ಗಿಯಲ್ಲಿ ಎಲ್ಲರೂ ರಾಗಿ ತೆನೆ, ಹುರುಳಿ ಗಿಡ ತಂದು ಡಾಂಬರಿನ ಮೇಲೆ ಹರಡುತ್ತಾರೆ, ಬಸ್ಸು ಲಾರಿ ಅದರ ಮೇಲೆ ಹಾದು ಕಾಳು ಉದುರಲಿ ಎಂದು. ಬಸ್ಸಿಗೆ ಅದು ಲೆಕ್ಕಕ್ಕಿಲ್ಲ. ಈ ಕಾರಿನ ಹೊಟ್ಟೆಗೆ ಮಾತ್ರ ಹುಲ್ಲು ಸುತ್ತಿಕೊಂಡು, ಬಿಸಿ ಕೊಳವೆಗೆ ತಾಗಿ ಹೊಗೆಯಾಡುತ್ತಿತ್ತು. ಭಾವ ಇಳಿದು, ರಸ್ತೆಯಲ್ಲಿ ಅಂಗಾತ ಮಲಗಿ, ಕುಡುಗೋಲಿನಿಂದ ಹುಲ್ಲು ಕೊಯ್ದು ತೆಗೆಯುತ್ತಿದ್ದ. ಮಳೆ ಬಂದರೆ ಬಟ್ಟೆಯ ಟಾಪು ಸೋರಿ, ಒಳಗಿದ್ದವರು ಗೋಣಿಚೀಲ ಹೊದ್ದು ಕೂರಬೇಕಾಗಿತ್ತು. ಕಡೂರಿನ ಮೆಕ್ಯಾನಿಕ್ ಈರಣ್ಣ, ಲಾರಿ ರಿಪೇರಿಯಲ್ಲಿ ಪಳಗಿದವನು, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಇದು ರೇಸಿಗೆ ಮಾಡಿರೋ ಗಾಡಿ ಕಣ್ರೀ. ದಿನಾ ಓಡ್ಸೋಕಲ್ಲ."

ಭಾವ ಅದನ್ನು ಹಸುವನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಪ್ರತಿ ಸೋಮವಾರ ಪೂಜೆ, ಊಟ ಮುಗಿಸಿ, ಕಾರು ತೊಳೆದು, ಬಾನೆಟ್ಟಿಗೆ ವಿಭೂತಿ ಹಚ್ಚಿ, ಆಮೇಲೆ ಅದನ್ನೆತ್ತಿ ಎಣ್ಣೆ ಹಾಕುತ್ತಿದ್ದ. ಎಂಜಿನ್ನಿನ ಪಕ್ಕದಲ್ಲಿ ಗಾಳಿ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ನೆತ್ತಿಯ ಮೇಲೊಂದು ಹಿತ್ತಾಳೆ ಬಿರಡೆ. ಅದನ್ನು ತಿರುಗಿಸಿ ತೆಗೆದರೆ ಒಳಗೊಂದು ಸಣ್ಣ ಕೊಂತ, ಅಂದರೆ ಪಿಸ್ಟನ್ನು, ಎಣ್ಣೆಯಲ್ಲಿ ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ವಾರಕ್ಕೊಮ್ಮೆ ಅಲ್ಲಿಗೆ ತೆಳ್ಳನೆಯ ಎಣ್ಣೆ ಬಿಡಬೇಕು, ಮರೆಯಬೇಡ ಎಂದು ಪ್ಲಾಂಟರು ಕೈಯಾರೆ ತೋರಿಸಿ, ಒಂದು ಡಬ್ಬಿ ಎಣ್ಣೆಯನ್ನೂ ಕೊಟ್ಟು ಹೋಗಿದ್ದ. ಡಬ್ಬಿ ಖಾಲಿಯಾದ ಮೇಲೆ ಭಾವ ಯೋಚನೆ ಮಾಡಿದ. ಮನೆಯ ಹೊಲಿಗೆ ಮಿಷನ್ನಿಗೆ, ಬಾವಿಯ ರಾಟೆಗೆ, ಬಾಗಿಲ ಕೀಲಿಗೆ, ಎಲ್ಲಕ್ಕೂ ಹಾಕುವುದು ಕೊಬ್ಬರಿ ಎಣ್ಣೆ. ನಮ್ಮದೇ ತೋಟದ ಕೊಬ್ಬರಿ, ನಮ್ಮೂರ ಗಾಣ, ಕನ್ನಡಿಯಂಥ ತಿಳಿ. ಅದಕ್ಕಿಂತ ತೆಳ್ಳನೆಯದು, ಶುದ್ಧವಾದದ್ದು ಇನ್ನೆಲ್ಲಿ ಸಿಗುತ್ತದೆ? ಅದನ್ನೇ ಹಾಕತೊಡಗಿದ. ಬೇಸಿಗೆ, ಮಳೆಗಾಲ ಎರಡರಲ್ಲೂ ಕಾರು ಚೆನ್ನಾಗಿಯೇ ಓಡಿತು.

ಚಳಿಗಾಲ ಬಂದಾಗ ಬೇರೆಯದೇ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಹತ್ತಿಕೊಳ್ಳುತ್ತಿತ್ತು, ಆಕ್ಸಿಲೇಟರ್ ತುಳಿದ ಕೂಡಲೇ ಕೆಮ್ಮಿ ಸತ್ತು ಹೋಗುತ್ತಿತ್ತು. ಬಿಸಿಲೇರಿದ ಮೇಲೆ ಏನೂ ಆಗದ ಹಾಗೆ ಓಡುತ್ತಿತ್ತು. ಕಡೂರಿಗೆ ಒಯ್ಯುವಷ್ಟರಲ್ಲಿ ರೋಗ ಮಾಯ. "ಎಲ್ಲಾ ಸರಿಯಾಗೈತಲ್ಲ ಯಜಮಾನ್ರೇ" ಎನ್ನುತ್ತಿದ್ದ ಈರಣ್ಣ. ಒಂದು ಸಲ ಅವನನ್ನೇ ಊರಿಗೆ ಕರೆಸಿದರೆ ಅವನು ಬಂದದ್ದು ಹತ್ತು ಗಂಟೆಯ ಬಸ್ಸಿಗೆ. ಆಗಲೂ ಕಾರು ಗುಂಡಿನ ಹಾಗಿತ್ತು. ಚಳಿಗೆ ಹೀಗಾಗುತ್ತೆ, ಗೋಣಿಚೀಲ ಹೊದಿಸಿ ಎಂದು ಹೇಳಿ ಹೋದ.

"ಆ ಎಸ್ಟೇಟಿನ ಚಳೀಲಿ ದಿನಾ ಓಡ್ತಿದ್ದ ಗಾಡಿ ನಮ್ಮೂರ ಚಳಿಗೆ ನಿಲ್ತದೇನೋ?" ಎಂದು ಭಾವ ನನ್ನನ್ನು ಕೇಳುತ್ತಿದ್ದ. ನನಗೇನು ಗೊತ್ತು? ನಾನು ಅಜ್ಜಂಪುರದ ಸೊಸೈಟಿಯಲ್ಲಿ ಗೊಬ್ಬರ ಅಳೆಯುವವನು.

ಎಪ್ಪತ್ತೆಂಟರ ಜನವರಿಯಲ್ಲಿ ಅಕ್ಕನಿಗೆ ಎರಡನೆಯ ಸಲ ನೋವು ಬಂತು, ಬೆಳಗಿನ ಜಾವಕ್ಕೇ. ಅವಳನ್ನು ಕಾರಿನಲ್ಲಿ ಕೂರಿಸಿ ಭಾವ ಸ್ಟಾರ್ಟ್ ಮಾಡಿದ. ಹತ್ತಿಕೊಂಡಿತು, ಕೆಮ್ಮಿತು, ನಿಂತಿತು. ಬಾನೆಟ್ ಎತ್ತಿ ಬಾಟರಿ ತಂತಿ ಎಳೆದು ನೋಡಿದ, ಪ್ಲಗ್ಗು ಬಿಚ್ಚಿ ಒರೆಸಿದ. ಅಕ್ಕಪಕ್ಕದವರು ಬಂದು ತಳ್ಳಿದರು. ಇಳಿಜಾರಿನ ಕೊನೆಯವರೆಗೂ ಕೆಮ್ಮುತ್ತ ಹೋಗಿ ಅಲ್ಲೇ ಕೂತಿತು. ಕಡೆಗೆ ಎತ್ತಿನ ಗಾಡಿ ಕಟ್ಟಿಸಿದರು. ಕಡೂರಿನ ಆಸ್ಪತ್ರೆಯಲ್ಲಿ ಬೇರೆ ಡಾಕ್ಟರು, ಅದೇ ಮಾತು: ಇನ್ನೊಂಚೂರು ಮುಂಚೆ ತಂದಿದ್ದರೆ. ಈ ಸಲ ಹೋದದ್ದು ಗಂಡು ಮಗು.

ಸುದ್ದಿ ತಿಳಿದು ಓಡಿದ ನಾನು ಆಸ್ಪತ್ರೆಯ ಜಗಲಿಯಲ್ಲಿ, ದುಃಖದಲ್ಲಿರುವವನು ಎಂದೂ ನೋಡದೆ, ಭಾವನ ಮೇಲೆ ಹರಿಹಾಯ್ದೆ. "ಆ ದರಿದ್ರದ ಕಾರನ್ನ ಕೆರೆಗೆ ನೂಕು. ನಮ್ಮಕ್ಕನ ಜೀವದ ಜೊತೆ ಆಟ ಆಡ್ಬೇಡ" ಎಂದೆ. ಅವನು ನನ್ನ ಮುಖ ನೋಡದೆ, "ಅದ್ರಾಗೆ ಏನೋ ಒಂದು ಸಣ್ಣದು ಕೆಟ್ಟೈತೆ ಕಣೋ. ಸಿಗ್ತದೆ. ಸಿಗ್ಲೇಬೇಕು" ಎಂದ. ಅಂದಿನಿಂದ ಸೋಮವಾರದ ಆರೈಕೆ ಇಮ್ಮಡಿಯಾಯಿತು. ಎಣ್ಣೆ ಹಾಕುವುದನ್ನು ಒಂದು ವಾರವೂ ತಪ್ಪಿಸಲಿಲ್ಲ.

ಎಂಬತ್ತರ ಜನವರಿಗೆ ಅಕ್ಕನಿಗೆ ಮತ್ತೆ ದಿನ ತುಂಬುತ್ತ ಬಂತು. ಆಸ್ಪತ್ರೆಯ ಹತ್ತಿರವೇ ಒಂದು ರೂಮು ಮಾಡಿ ಮುಂಚಿತವಾಗಿ ಅಲ್ಲಿರೋಣವೆಂದು ಭಾವ ಎಲ್ಲ ಗೊತ್ತು ಮಾಡಿದ್ದ. ಆದರೆ ಅವನ ತಾಯಿ ಕರಿಬಸಮ್ಮ ಸುತರಾಂ ಒಪ್ಪಲಿಲ್ಲ. "ಧನುರ್ಮಾಸದಾಗೆ ಬಸುರಿ ಹೊಸ ಮನೆ ಹೊಸಲು ತುಳೀಬಾರ್ದು. ಎರಡು ಸಲ ಆಗಿರೋದು ಸಾಲದಾ? ಸಂಕ್ರಾಂತಿ ಕಳೀಲಿ, ಅವತ್ತೇ ಹೊರಡಿ" ಎಂದು ಹಟ ಹಿಡಿದಳು. ಮುದುಕಿಯದೂ ಭಯವೇ. ಡಾಕ್ಟರು ಹೇಳಿದ ದಿನವೂ ಸಂಕ್ರಾಂತಿಯಾಚೆಗೇ ಇತ್ತು. ಅಕ್ಕ ಅತ್ತೆಯ ಮಾತು ಮೀರಲಾರದೆ ಊರಲ್ಲೇ ಉಳಿದಳು. ನಾನು ರಜ ಹಾಕಿ ಯಗಟಿಗೆ ಬಂದು ಕೂತೆ.

ಕಾರನ್ನು ಮನೆ ಮುಂದಿನ ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿ, ಎರಡು ಕಂಬಳಿ ಹೊದಿಸಿದ್ದ ಭಾವ. ಕೊಟ್ಟಿಗೆಯ ಪಕ್ಕದಲ್ಲಿ ಗಾಡಿಗೆ ಹುಲ್ಲಿನ ಮೆತ್ತೆ ಹಾಸಿ ನಾನೂ ಸಿದ್ಧ ಮಾಡಿದ್ದೆ. ದಿನಾ ಬೆಳಕು ಹರಿಯುವ ಮುಂಚೆ ಅವನು ಎದ್ದು ಹೋಗಿ ಕಾರು ಸ್ಟಾರ್ಟ್ ಮಾಡಿ ನೋಡುತ್ತಿದ್ದ. ಒಳಗೆ ನಾವೆಲ್ಲ ಕಣ್ಣು ಬಿಟ್ಟುಕೊಂಡು ಮಲಗಿ ಕಿವಿಗೊಡುತ್ತಿದ್ದೆವು. ಮೋಡವಿದ್ದ ದಿನ ಗುರ್ರೆಂದು ಓಡುತ್ತಿತ್ತು, ಅಕ್ಕ ಉಸಿರು ಬಿಟ್ಟದ್ದು ಕೇಳಿಸುತ್ತಿತ್ತು. ಇಬ್ಬನಿ ಸುರಿದ ದಿನ ಕೆಮ್ಮುತ್ತಿತ್ತು. ಅಂಥ ದಿನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಒಲೆಯ ಮುಂದೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಸಂಕ್ರಾಂತಿಗೆ ಇನ್ನೂ ಎರಡು ದಿನವಿರುವಾಗ, ಬೆಳಗಿನ ಜಾವ, ಅಕ್ಕ ಗೋಡೆ ಹಿಡಿದು ಎದ್ದು ನಿಂತಳು. "ಏನ್ರೀ, ಬಂದ್ಬಿಡ್ತು" ಎಂದಳು. ಹೊರಗೆ ಮೈ ಕೊರೆಯುವ ಚಳಿ, ಇಬ್ಬನಿಗೆ ತೋಟವೇ ಕಾಣುತ್ತಿರಲಿಲ್ಲ. ನಾನು ನೇರ ಕೊಟ್ಟಿಗೆಗೆ ಹೋಗಿ ಎತ್ತು ಬಿಚ್ಚಿದೆ.

ಭಾವ ಅಕ್ಕನನ್ನು ಎತ್ತಿ ಕಾರಿನ ತಗ್ಗು ಸೀಟಿನಲ್ಲಿ ಕೂರಿಸಿದ. ಹತ್ತಿಕೊಂಡಿತು. ಕೆಮ್ಮಿತು. ನಿಂತಿತು. ಮತ್ತೆ ಹತ್ತಿಸಿದ, ಮತ್ತೆ ನಿಂತಿತು. ಅಕ್ಕ ಹಲ್ಲು ಕಚ್ಚಿ ಬಾಗಿಲ ಅಂಚು ಹಿಡಿದುಕೊಂಡಿದ್ದಳು. "ಭಾವ, ಗಾಡಿ ಕಟ್ಟಾಯ್ತು, ಇಳಿಸು ಅಕ್ಕನ್ನ" ಎಂದು ನಾನು ಕೂಗಿದೆ. ಅವನು ಬಾನೆಟ್ ಎತ್ತಿ, ಹಿತ್ತಾಳೆ ಬಿರಡೆ ಬಿಚ್ಚಿ, ಒಳಗೋಡಿದ. ಏನೂ ತೋಚದಾಗ ಅವನಿಗೆ ಗೊತ್ತಿದ್ದದ್ದು ಒಂದೇ, ಒಂದಿಷ್ಟು ಎಣ್ಣೆ ಬಿಡುವುದು. ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಸೀಸೆ ತಂದು ಆ ತೂತಿನ ಮೇಲೆ ಬೋರಲು ಹಿಡಿದ.

ಸೀಸೆಯಿಂದ ಒಂದು ಹನಿಯೂ ಬೀಳಲಿಲ್ಲ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ನಮ್ಮಲ್ಲಿ ಯಾವ ಕೂಸಿಗೆ ಗೊತ್ತಿಲ್ಲ? ಬೆಳಿಗ್ಗೆ ಹೆಂಗಸರು ಸೀಸೆಯನ್ನು ಬಚ್ಚಲ ಒಲೆಯ ಪಕ್ಕದಲ್ಲಿಟ್ಟು ಕರಗಿಸಿ ತಲೆಗೆ ಹಚ್ಚಿಕೊಳ್ಳುತ್ತಾರೆ. ಭಾವ ಕಾರಿಗೆ ಹಾಕುತ್ತಿದ್ದದ್ದು ಮಾತ್ರ ಸೋಮವಾರ ಮಧ್ಯಾಹ್ನ, ಎಣ್ಣೆ ನೀರಿನಂತಿರುವ ಹೊತ್ತಿನಲ್ಲಿ. ಹಾಕಿದ ಮೇಲೆ ಅವನ ಮನಸ್ಸಿನಲ್ಲಿ ಅದು ಕಾರಿನ ಎಣ್ಣೆ, ತಲೆಯ ಎಣ್ಣೆಯಲ್ಲ. ಅವನು ಸೀಸೆಯನ್ನು ನೋಡಿದ, ಬಿರಡೆಯ ತೂತನ್ನು ನೋಡಿದ. ಒಳಗಿನ ಕೊಂತವೂ ಹೀಗೇ ಹೆಪ್ಪಿನಲ್ಲಿ ಕಚ್ಚಿಕೊಂಡು, ತುಳಿದಾಗ ಮೇಲೇಳದೆ ಎಂಜಿನ್ನಿನ ಉಸಿರು ಕಟ್ಟಿಸಿತ್ತು.

"ಬಿಸಿನೀರು" ಎಂದ. ಆಮೇಲೆ ಊರು ಏಳುವ ಹಾಗೆ ಕಿರುಚಿದ: "ಅವ್ವಾ, ಹಂಡೆ ನೀರು!"

ನೋವು ಶುರುವಾದ ಕೂಡಲೇ ಬಚ್ಚಲ ಒಲೆ ಹೊತ್ತಿಸಿದ್ದ ಕರಿಬಸಮ್ಮ ಚೊಂಬಿನಲ್ಲಿ ಕುದಿಯುವ ನೀರು ತಂದಳು. ಭಾವ ಬಿರಡೆ ಮುಚ್ಚಿ, ಕಾರ್ಬುರೇಟರಿನ ಮೈಮೇಲೆ ಮೆಲ್ಲಗೆ ಸುರಿದ, ಇನ್ನೊಂದು ಚೊಂಬು ಸುರಿದ. ಕೂತು ಸ್ಟಾರ್ಟ್ ಮಾಡಿ ತುಳಿದ. ಕಾರು ಕೆಮ್ಮಲಿಲ್ಲ. ಇಳಿಜಾರು ಇಳಿದು, ಇಬ್ಬನಿಯೊಳಗೆ ನುಗ್ಗಿ, ಕಾಣದಾಯಿತು.

ಎರಡು ಸೀಟಿನ ಕಾರಿನಲ್ಲಿ ನಮಗೆಲ್ಲಿ ಜಾಗ? ನಾನೂ ಕರಿಬಸಮ್ಮನೂ ಕಟ್ಟಿದ್ದ ಗಾಡಿಯಲ್ಲೇ ಹಿಂದಿನಿಂದ ಹೊರಟೆವು. ದಾರಿಯುದ್ದಕ್ಕೂ ನನ್ನ ಕಣ್ಣು ರಸ್ತೆಯ ಪಕ್ಕದಲ್ಲೇ. ಪ್ರತಿ ತಿರುವಿನಲ್ಲೂ ಆ ಕೆಂಪು ಕಾರು ನಿಂತಿರುತ್ತದೆ ಎಂದುಕೊಳ್ಳುವುದು, ಇಲ್ಲವೆಂದು ಕಂಡು ಎತ್ತುಗಳನ್ನು ಹೊಡೆಯುವುದು. "ಕಾಣ್ತದೇನಪ್ಪಾ?" ಎಂದು ಮುದುಕಿ ಕೇಳುತ್ತಲೇ ಇದ್ದಳು. ಒಂದು ಕಡೆ ರಸ್ತೆಗೆ ಹರಡಿದ್ದ ರಾಗಿ ಹುಲ್ಲು ಚೆಲ್ಲಾಪಿಲ್ಲಿಯಾಗಿ, ನಡುವೆ ಒಂದು ಕುಪ್ಪೆ ಸುಟ್ಟು ಕರಕಲಾಗಿ ಹೊಗೆಯಾಡುತ್ತಿತ್ತು. ಕರಿಬಸಮ್ಮ ಶಿವಶಿವಾ ಎನ್ನುತ್ತ ಗಾಡಿಯಿಂದ ಇಳಿಯಲು ಹೋದಳು. ಅಲ್ಲೇ ಹುಲ್ಲು ಗುಡಿಸುತ್ತಿದ್ದ ಹೆಂಗಸು, "ಕಾರಾ? ನನ್ನ ಹುಲ್ಲು ಸುತ್ಕಂಡು ಬೆಂಕಿ ಹತ್ತಿತ್ತು. ಮನುಷ್ಯ ಬರಿಗೈಲಿ ಕಿತ್ತು ಬಿಸಾಕಿ ಹೊಂಟೋದ. ಒಳಗೆ ಹೆಂಗಸು ನರಳ್ತಿದ್ಲು" ಎಂದಳು. ಮುಂದೆ ಒಬ್ಬ ಕುರಿಗಾಹಿ, ತನ್ನ ಮಂದೆ ಚದುರಿಸಿದವನನ್ನು ವಾಚಾಮಗೋಚರ ಬೈಯುತ್ತಿದ್ದ. ಬೈಗುಳ ಕೇಳಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಕಡೂರು ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಆಸ್ಪತ್ರೆಯ ಮುಂದೆ ಕಾರು ನಿಂತಿತ್ತು. ಭಾವ ಮೆಟ್ಟಿಲ ಮೇಲೆ ಕೂತಿದ್ದ, ಎರಡು ಕೈಗೂ ಬಟ್ಟೆ ಸುತ್ತಿತ್ತು. ಅವನ ಮುಖ ನೋಡಿದರೆ ಏನೊಂದೂ ತಿಳಿಯುವಂತಿರಲಿಲ್ಲ. ಕರಿಬಸಮ್ಮ ಅವನನ್ನು ದಾಟಿ ಒಳಗೆ ಹೋದಳು. ನಾನು ಅವನ ಪಕ್ಕದಲ್ಲಿ ಕೂತೆ.

"ಭಾವ?" ಎಂದೆ.

"ಹೆಣ್ಣು. ಚೆನ್ನಾಗೈತೆ. ಇಬ್ರೂ ಚೆನ್ನಾಗವ್ರೆ" ಎಂದ. ನಾನು ಅವನ ಹೆಗಲು ಹಿಡಿದು ಅತ್ತೇಬಿಟ್ಟೆ. ಅವನು ಅಳಲಿಲ್ಲ. ಎದುರಿಗಿದ್ದ ಕಾರಿನ ಕಡೆ ನೋಡುತ್ತ ಹೇಳಿದ: "ಹೋದ ಸಲಾನೂ ಇದೇ ಕಣೋ. ಆ ಎಣ್ಣೆ. ದೊರೆ ಕೊಟ್ಟಿದ್ದು ಹೆಪ್ಪುಗಟ್ಟೋದಲ್ಲ, ಅದಕ್ಕೇ ಅಲ್ಲಿ ಓಡ್ತಿತ್ತು. ನಾನೇ ಹಾಕಿದ್ದು. ಪೂಜೆ ಮಾಡಿ ಹಾಕಿದ್ದು. ಒಂದು ಚೊಂಬು ಬಿಸಿನೀರು ಸುರಿದಿದ್ರೆ ಆ ಗಂಡು ಮಗು..." ಆಮೇಲೆ, "ನಿಮ್ಮಕ್ಕಂಗೆ ಹೇಳ್ಬೇಡ. ತಡ್ಕಳಾಕಿಲ್ಲ ಅವ್ಳು" ಎಂದ. ನಾನು ಹೇಳುವುದಿಲ್ಲವೆಂದು ಭಾಷೆ ಕೊಟ್ಟೆ.

ಈರಣ್ಣ ಸರಿಯಾದ ಎಣ್ಣೆ ತರಿಸಿಕೊಟ್ಟ. ಆಮೇಲೆ ಆ ಕಾರು ಯಾವ ಚಳಿಗೂ ಬಗ್ಗಲಿಲ್ಲ. ಮಗಳು ಗಂಗಾಂಬಿಕೆಯನ್ನು ಸ್ಕೂಲಿಗೆ ಬಿಟ್ಟು ಬರಲಿಕ್ಕೂ ಅದೇ ಹೋಗುತ್ತಿತ್ತು. ಊರವರ ನಗು ತಾನಾಗಿ ನಿಂತುಹೋಯಿತು. ಭಾವ ಮಾತ್ರ ಆ ಬೆಳಿಗ್ಗೆಯ ನಂತರ ತಲೆಗೆ ಕೊಬ್ಬರಿ ಎಣ್ಣೆ ಮುಟ್ಟಿಸಲಿಲ್ಲ. ಯುಗಾದಿಯ ಅಭ್ಯಂಜನಕ್ಕೂ ಇಲ್ಲ. ಊರಿಗೆಲ್ಲ ಎಣ್ಣೆ ಕೊಡುವ ತೋಟದವನ ತಲೆ ಒಣಹುಲ್ಲಿನ ಹಾಗೆ ಕೆದರಿಕೊಂಡಿರುತ್ತಿತ್ತು. ಯಾಕೆಂದು ಕೇಳಿದವರಿಗೆ ಶೀತ ಆಗುತ್ತದೆ ಎನ್ನುತ್ತಿದ್ದ. ನನಗೆ ಕಾರಣ ಗೊತ್ತಿತ್ತು, ಆ ವಿಷಯದಲ್ಲಿ ಮಾತ್ರ ನಾನು ಎಂದೂ ಅವನನ್ನು ರೇಗಿಸಲಿಲ್ಲ.

ಎಂಬತ್ತೇಳರಲ್ಲಿ ಗಂಗಿಯ ಹಿಂದೆ ಇನ್ನೊಂದು ಮಗುವೂ ಓಡಾಡುತ್ತಿತ್ತು. ಎರಡು ಸೀಟು ಸಾಲದಾಯಿತು. ಹಳೆಯ ಕಾರುಗಳನ್ನು ಹುಡುಕಿಕೊಂಡು ತಿರುಗುವ ಮೈಸೂರಿನ ಒಬ್ಬರು ಬಂದರು. ನಾನೂ ಅಂದು ಅಲ್ಲಿದ್ದೆ. ಅವರು ಕಾರಿನ ಸುತ್ತ ಬಂದು, ಬಾನೆಟ್ ತಟ್ಟಿ, "ನೋಡೋಕೇನೋ ಚೆನ್ನಾಗಿದೆ. ದಿನಾ ಓಡಿಸೋಕೆ ನಂಬಬಹುದಾ ಯಜಮಾನ್ರೇ?" ಎಂದು ಕೇಳಿದರು.

ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟ. "ಗಾಡೀನ ನಂಬ್ಬೌದು ಸ್ವಾಮಿ. ಅದ್ರದ್ದು ಯಾವತ್ತೂ ಏನೂ ತಪ್ಪಿರ್ಲಿಲ್ಲ" ಎಂದ. ಆಮೇಲೆ ಹಿತ್ತಾಳೆ ಬಿರಡೆ ಬಿಚ್ಚಿ ತೋರಿಸಿ, ಯಾವ ಎಣ್ಣೆ ಹಾಕಬೇಕು ಎಂದು ಹೇಳಿದ. ಹೇಳಿದ್ದನ್ನೇ ಮತ್ತೆ ಹೇಳಿದ. ಅವರು ಹೊರಟು ಕೂತ ಮೇಲೂ ಕಿಟಕಿಯ ಹತ್ತಿರ ಬಗ್ಗಿ ಅದನ್ನೇ ಹೇಳಿದ.

ಕಾರು ಇಳಿಜಾರು ಇಳಿದು ಹೋಯಿತು. ಭಾವ ಅದು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ಜಗಲಿಯ ಮೇಲೆ ಗಂಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದ ಅಕ್ಕ ಬಟ್ಟಲು ಹಿಡಿದುಕೊಂಡೇ ಎದ್ದು, ಅವನ ಹತ್ತಿರ ಹೋದಳು. ಅಂಗೈಗೆ ಎಣ್ಣೆ ಸುರಿದುಕೊಂಡಳು. ಅವನು ಹಿಂದಕ್ಕೆ ಸರಿದ.

"ಅವತ್ತು ಕಾರಲ್ಲಿ ಕೂತಿದ್ದೋಳು ನಾನೇ ಅಲ್ವೇನ್ರೀ" ಎಂದಳು ಅಕ್ಕ. "ಸೀಸೆ ಬೋರಲು ಹಿಡಿದಿದ್ದು, ನೀರು ಹುಯ್ದಿದ್ದು ನಂಗೇನು ಕಾಣ್ಲಿಲ್ವಾ? ಅವತ್ತೇ ಎಲ್ಲಾ ತಿಳೀತು. ಏಳು ವರ್ಷ ಆಯ್ತು, ಸಾಕು. ಬಗ್ಗಿ."

ಭಾವ ನನ್ನ ಕಡೆ ನೋಡಿದ. ನಾನು ಹೇಳಿಲ್ಲವೆಂದು ತಲೆಯಾಡಿಸಿದೆ. ಅವನು ಅಕ್ಕನ ಮುಂದೆ ತಲೆ ಬಗ್ಗಿಸಿದ, ಅವಳು ಎರಡು ಕೈಯಿಂದಲೂ ನೆತ್ತಿಗೆ ಎಣ್ಣೆ ಒತ್ತಿದಳು.